ಹಿಂದೆ ಕೂತವಳಿಗೂ ಒಂದು ಮಾತಿದೆ

ಅಡಿಗೆ, ತಿಂಡಿ, ಕಸೂತಿ ಓದಲು ಪುಟ ತೆರೆದರೆ ಈಕೆ ಗಾಡಿ-ಮೋಟಾರಿನ ಮಾತು ತೆಗೆದಿದ್ದಾಳಲ್ಲ ಎಂದು ಬೇಸರಿಸಬೇಡಿ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಹರಿಹರ ನನ್ನ ತವರು, ದಾವಣಗೆರೆ ಗಂಡನ ಮನೆ. ನಡುವೆ ಹದಿನಾಲ್ಕು ಕಿಲೋಮೀಟರು. ಮದುವೆಯಾದ ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಮ್ಮ ಮನೆಯವರ ಬೆನ್ನ ಹಿಂದೆ ಕೂತು ಆ ಪಿ.ಬಿ. ರಸ್ತೆಯಲ್ಲಿ ಎಷ್ಟು ನೂರು ಸಲ ಓಡಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಓಡಿಸುವವರ ಕಣ್ಣು ಮುಂದಿರುತ್ತದೆ. ಹಿಂದೆ ಕೂತವಳಿಗೆ ಅತ್ತ ಇತ್ತ ನೋಡಲು ಬೇಕಾದಷ್ಟು ಬಿಡುವು. ಹಾಗೆ ನೋಡಿದ್ದನ್ನೂ, ಒಮ್ಮೆ ಬಿದ್ದು ಕಲಿತದ್ದನ್ನೂ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

2012ನೇ ಇಸವಿ, ಕಾರ್ತಿಕದ ಒಂದು ಸೋಮವಾರ. ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಅವ್ವನ ಮನೆಯಲ್ಲಿ ಉಂಡು ಬರೋಣವೆಂದು ಹೊರಟೆವು. ನಾನು ಹೊಸ ಮೈಸೂರು ಸಿಲ್ಕ್ ಉಟ್ಟಿದ್ದೆ. ಆ ಸೀರೆಯ ನಯ ನಿಮಗೇ ಗೊತ್ತು, ಹೆಗಲ ಮೇಲೆ ನಿಂತರೆ ಕೇಳಿ! ನಾಲ್ಕು ವರ್ಷದ ಮಗ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ. ನಾನು ಒಂದೇ ಕಡೆಗೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಪೂಜೆಯ ಬುಟ್ಟಿ ಇಟ್ಟುಕೊಂಡು, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ತಲೆಯ ಮಲ್ಲಿಗೆ ದಂಡೆ ಹಿಡಿದು ಕೂತಿದ್ದೆ. ಗಾಡಿಯನ್ನು ಹಿಡಿಯಲು ಮೂರನೇ ಕೈ ದೇವರು ಕೊಟ್ಟಿಲ್ಲವಲ್ಲ! ಹೆಲ್ಮೆಟ್ಟು? ಮನೆಯವರದ್ದು ಅಟ್ಟದ ಮೇಲಿತ್ತು. ನನಗೆ ಅಂಥದೊಂದು ಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಬಾತಿ ದಾಟಿದ ಮೇಲೆ ಹೆಗಲು ಯಾರೋ ಹಿಂದಿನಿಂದ ಜಗ್ಗಿದಂತಾಯಿತು. "ರೀ" ಅನ್ನುವಷ್ಟರಲ್ಲಿ ನೆಲದ ಮೇಲಿದ್ದೆ. ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಕುತ್ತಿಗೆಯ ಹತ್ತಿರ ಹಗ್ಗದಂತೆ ಬಿಗಿಯುತ್ತಿತ್ತು. ಗಾಡಿ ಹಾಗೆಯೇ ಹತ್ತು ಮಾರು ಎಳೆದುಕೊಂಡು ಹೋಗಿ ಪಕ್ಕಕ್ಕೆ ಉರುಳಿತು. ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ಯುತ್ತಿದ್ದ ಹೆಣ್ಣುಮಕ್ಕಳು ಓಡಿ ಬಂದರು. ಅವರಲ್ಲೊಬ್ಬ ವಯಸ್ಸಾದಾಕೆ ಒಂದು ಮಾತೂ ಆಡದೆ ತನ್ನ ಕುಡುಗೋಲಿನಿಂದಲೇ ಸೆರಗನ್ನು ಪರಪರ ಕೊಯ್ದಳು. ನಾನು ಆ ಸ್ಥಿತಿಯಲ್ಲೂ "ಅಯ್ಯೋ ಸೀರೆ" ಅಂದೆನಂತೆ! "ಸೀರೆ ಹೋದ್ರೆ ಹೋತವ್ವ, ಕುತ್ಗಿ ಉಳೀತಲ್ಲ, ಮ್ಯಾಕೇಳು" ಅಂದಳಾಕೆ. ಆಕೆಯ ಹೆಸರು ಕೇಳುವಷ್ಟು ಬುದ್ಧಿಯೂ ಅಂದು ನನಗಿರಲಿಲ್ಲ. ಹೆಗಲ ಮೂಳೆ ಮುರಿದಿತ್ತು, ತಲೆಗೆ ಹನ್ನೊಂದು ಹೊಲಿಗೆ. ಮಗನ ಗದ್ದ ಹ್ಯಾಂಡಲ್ಲಿಗೆ ಬಡಿದು ಎರಡು ಹಾಲುಹಲ್ಲು ಹೋದವು. ಮೂರು ತಿಂಗಳು ನನ್ನ ಅತ್ತೆಯವರೇ ಒಲೆ ಮುಂದೆ ನಿಂತರು.

ಆಮೇಲೆ ತಿಳಿಯಿತು. ನಮ್ಮ ಗಾಡಿಗೆ ಕಂಪನಿಯವರೇ ಸೀರೆ ಗಾರ್ಡು ಹಾಕಿ ಕೊಟ್ಟಿದ್ದರು. ಅಂದ ಕೆಡುತ್ತದೆ ಅಂತ ನಮ್ಮವರೇ ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿದ್ದರು. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಆ ಸಾಧನ, ಕೈಯಲ್ಲಿ ಹಿಡಿಯಲು ಹಿಡಿಕೆ, ಕಾಲಿಡಲು ಮೆಟ್ಟು, ಈ ಮೂರೂ ಮೋಟಾರು ಸೈಕಲ್ಲಿಗೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲಿ ಎಂದೇ ಮಾಡಿದ ನಿಯಮವದು. ದಯವಿಟ್ಟು ಈ ಪತ್ರಿಕೆ ಕೆಳಗಿಟ್ಟು ಒಮ್ಮೆ ಅಂಗಳಕ್ಕೆ ಹೋಗಿ ನೋಡಿ ಬನ್ನಿ, ನಿಮ್ಮ ಮನೆಯ ಗಾಡಿಯಲ್ಲಿ ಅದಿದೆಯೇ?

ಸೀರೆಯುಟ್ಟು ಗಾಡಿ ಹತ್ತುವಾಗ ನಾನು ಈಗ ಸೆರಗನ್ನು ಮಡಿಸಿ, ಸೊಂಟಕ್ಕೆ ಒಂದು ಸುತ್ತು ತಂದು ಬಿಗಿಯಾಗಿ ಸಿಕ್ಕಿಸಿ ಪಿನ್ನು ಹಾಕುತ್ತೇನೆ. ದೂರದ ದಾರಿಯಾದರೆ ಚೂಡಿದಾರವೇ ಸರಿ, ಎರಡೂ ಕಡೆ ಕಾಲು ಹಾಕಿ ಕೂರಬಹುದು. ನಮ್ಮ ಅತ್ತೆಯವರಿಗೆ ಮೊದಮೊದಲು ಅದು ಸೇರಲಿಲ್ಲ. ನನ್ನ ಹೆಗಲಿನ ಕಲೆ ನೋಡಿದ ಮೇಲೆ ಸುಮ್ಮನಾದರು. ಆದರೆ ಚೂಡಿದಾರದ ವೇಲನ್ನು ಕುತ್ತಿಗೆಯಿಂದ ಹಿಂದಕ್ಕೆ ಹಾರಲು ಬಿಟ್ಟರೆ ಸೆರಗಿಗಿಂತ ಕೆಟ್ಟದ್ದು. ಅದನ್ನು ಸೊಂಟಕ್ಕೆ ಕಟ್ಟಿ, ಇಲ್ಲವೇ ಬ್ಯಾಗಿನಲ್ಲಿಡಿ. ಮಲ್ಲಿಗೆಗೆ ಒಂದು ಉಪಾಯ ಕಂಡುಕೊಂಡಿದ್ದೇನೆ: ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು, ಊರು ಮುಟ್ಟಿದ ಮೇಲೆ ಮುಡಿಯುವುದು. ಹೆಲ್ಮೆಟ್ಟಿನೊಳಗೆ ಬಾಡುವ ಚಿಂತೆಯಿಲ್ಲ.

ಹೆಲ್ಮೆಟ್ಟಿನ ಮಾತು ಬಂತು. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಅದು ಕಡ್ಡಾಯವೆಂದು 2016ರ ಜನವರಿಯಿಂದಲೇ ಹೇಳುತ್ತಾ ಬಂದಿದ್ದಾರೆ. ಆದರೂ ಜಯದೇವ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಗಂಡನ ತಲೆಯ ಮೇಲೆ ಹೆಲ್ಮೆಟ್ಟು, ಹೆಂಡತಿಯ ತಲೆಯ ಮೇಲೆ ಹೂವು. ಪೊಲೀಸರು ಕಂಡರೆ ಅದೂ ಇಲ್ಲ, ಸೆರಗು! ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ನೇ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತವರು. ಈ ಅಂಕಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಬೋಗುಣಿಯಂಥದು ದಂಡ ತಪ್ಪಿಸುತ್ತದೆಯೇ ಹೊರತು ತಲೆ ಉಳಿಸುವುದಿಲ್ಲ. ಗದ್ದದ ಕೆಳಗಿನ ಪಟ್ಟಿ ಹಾಕದಿದ್ದರೆ ಒಳ್ಳೆಯ ಹೆಲ್ಮೆಟ್ಟೂ ಬಿದ್ದ ಕೂಡಲೇ ಹಾರಿ ದೂರ ಹೋಗಿ ಕೂರುತ್ತದೆ.

ಪುಟ್ಟ ಮಕ್ಕಳನ್ನು ಮುಂದೆ ನಿಲ್ಲಿಸಿಕೊಳ್ಳುವುದು, ಕೂಸನ್ನು ಒಂದು ಕೈಯಲ್ಲಿ ತಬ್ಬಿ ಹಿಂದೆ ಕೂರುವುದು ನಮ್ಮೂರಲ್ಲಿ ಎಲ್ಲರೂ ಮಾಡುವುದೇ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಗಾಡಿಯಲ್ಲಿ ಕರೆದೊಯ್ಯಬೇಕಾದರೆ ಓಡಿಸುವವರಿಗೆ ಸೇರಿಸಿ ಕಟ್ಟುವ ಪಟ್ಟಿ, ಮಗುವಿನ ತಲೆಗೆ ಸರಿಯಾದ ಹೆಲ್ಮೆಟ್, 40 ಕಿಲೋಮೀಟರು ಮೀರದ ವೇಗ, ಇಷ್ಟು ಬೇಕೆಂದು 2022ರಲ್ಲಿ ನಿಯಮ ಮಾಡಿ 2023ರ ಫೆಬ್ರವರಿಯಿಂದ ಜಾರಿಗೆ ತಂದಿದ್ದಾರೆ. ಈ ಪಟ್ಟಿಯನ್ನು ನಮ್ಮ ಬೀದಿಯಲ್ಲಿ ನಾನು ಕಂಡದ್ದು ಒಂದೇ ಮನೆಯಲ್ಲಿ. ತೊಟ್ಟಿಲಿಗೆ, ನಾಮಕರಣಕ್ಕೆ ಸಾವಿರಗಟ್ಟಲೆ ಖರ್ಚು ಮಾಡುವವರು ನಾವು. ಉಡುಗೊರೆ ಕೊಡುವಾಗ ಬೆಳ್ಳಿ ಬಟ್ಟಲಿನ ಬದಲು ಇದನ್ನು ಕೊಡಬಾರದೇ?

ಇನ್ನು ಕೊಡೆ. ಮಳೆ ಹನಿಯಿತು ಅಂತ ಹಿಂದೆ ಕೂತು ಕೊಡೆ ಬಿಚ್ಚುವ ಸೋದರಿಯರಿಗೆ ಕೈಮುಗಿದು ಕೇಳುತ್ತೇನೆ, ಬೇಡ. ಗಾಳಿ ಕೊಡೆಯನ್ನು ಹಿಂದಕ್ಕೆ ಎಳೆಯುತ್ತದೆ, ಕೊಡೆ ನಿಮ್ಮನ್ನು ಎಳೆಯುತ್ತದೆ. ಅದೇ ಹೊತ್ತಿಗೆ ಬಣ್ಣ ಬಳಿಯದ ಒಂದು ಹಂಪು ಬಂದರೆ ಮುಗಿದೇ ಹೋಯಿತು. ಹಂಪಿನ ಮೇಲೆ ಹಾರಿ ಬೀಳುವವರು ಒಂದೇ ಕಡೆ ಕಾಲು ಹಾಕಿ, ಏನನ್ನೂ ಹಿಡಿಯದೆ ಕೂತ ಹೆಂಗಸರೇ. ಬಿದ್ದ ಸದ್ದು ಕೇಳದೆ ಗಂಡ ಅರ್ಧ ಫರ್ಲಾಂಗು ಮುಂದೆ ಹೋದದ್ದೂ ಉಂಟು. ಕೇಳಿದವರು ನಗುತ್ತಾರೆ, ಬಿದ್ದವಳಿಗೆ ಅದು ನಗೆಯ ಮಾತಲ್ಲ.

ಈಗ ನನ್ನದೇ ದೊಡ್ಡ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಒಂದು ಸಂಜೆ ಬಾಣಲೆಯಲ್ಲಿ ಎಣ್ಣೆ ಕಾದಿತ್ತು, ಸಾಸಿವೆ ಚಟಪಟ ಅನ್ನುತ್ತಿತ್ತು, ಕರಿಬೇವು ಇರಲಿಲ್ಲ. "ಲೋ, ಓಡಿ ಹೋಗಿ ಕರಿಬೇವು ತಂದು ಕೊಡೋ, ಸ್ಕೂಟರ್ ತಗೊಂಡು ಹೋಗು, ಬೇಗ" ಅಂದೆ. ಮಗನಿಗೆ ಹದಿನಾರು. ಅಂಗಡಿ ಇರುವುದು ಎರಡು ರಸ್ತೆ ಆಚೆ, ನಡೆದರೂ ಆರು ನಿಮಿಷ. ತಿರುವಿನಲ್ಲಿ ಮನೆ ಕಟ್ಟುವವರು ಹಾಕಿದ್ದ ಮರಳಿನ ಮೇಲೆ ಚಕ್ರ ಜಾರಿ ಬಿದ್ದ. ಮೊಣಕಾಲು ತರಚಿತು, ಸ್ಕೂಟರಿನ ಕನ್ನಡಿ ಒಡೆಯಿತು. ಅಷ್ಟಕ್ಕೆ ಮುಗಿಯಿತು. ಆದರೆ ಅದೇ ತಿರುವಿನಲ್ಲಿ ಸಂಜೆ ಹೊತ್ತು ಎರಡು ಪುಟ್ಟ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಾರೆ. ಅಂದು ಅವರ ಅಜ್ಜಿ ಹಾಲು ಕುಡಿಯಲು ಒಳಗೆ ಕರೆದಿದ್ದರಂತೆ. ಅದನ್ನು ಕೇಳಿದ ಮೇಲೆ ಎಷ್ಟೋ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಎದುರು ಮನೆಯ ವಕೀಲರು ಕೂರಿಸಿಕೊಂಡು ಕಾನೂನು ಓದಿ ಹೇಳಿದರು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ತಂದು, ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರು ಅಥವಾ ಗಾಡಿಯ ಒಡೆಯರೇ ತಪ್ಪಿತಸ್ಥರು ಎಂದು ಮಾಡಿದ್ದಾರೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ. ಹದಿನಾರಕ್ಕೆ ಲೈಸೆನ್ಸು ಸಿಗುತ್ತದಲ್ಲ ಎಂದು ನಮ್ಮವರು ವಾದಿಸಿದರು. ಸಿಗುತ್ತದೆ, 50 ಸಿ.ಸಿ. ಮೀರದ ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮ ನಿಮ್ಮ ಮನೆಯ ಸ್ಕೂಟರುಗಳೆಲ್ಲ 100 ಸಿ.ಸಿ. ದಾಟಿದವು. ಬೇರೆಯವರಿಗೆ ಪೆಟ್ಟಾದರೆ, ವಿಮಾ ಕಂಪನಿ ತಾನು ಕೊಟ್ಟ ಪರಿಹಾರವನ್ನು ಒಡೆಯರಿಂದಲೇ ವಸೂಲು ಮಾಡಬಹುದು. ಮಾರುವಂಥ ಹೊಲವೂ ನಮಗಿಲ್ಲ. ಅಂದಿನಿಂದ ಸ್ಕೂಟರಿನ ಬೀಗದಕೈ ನನ್ನ ಸಾಸಿವೆ ಡಬ್ಬಿಯಲ್ಲಿದೆ. ಕರಿಬೇವಿಲ್ಲದ ಒಗ್ಗರಣೆಯನ್ನೂ ನಮ್ಮ ಮನೆಯಲ್ಲಿ ಉಣ್ಣುತ್ತಾರೆ.

ಅಂದು ನನಗೆ ಇನ್ನೊಂದು ಹೊಳೆಯಿತು. ಗಾಡಿ ಓಡಿಸುವವರು ಗಂಡಸರಿರಬಹುದು, ಅವಸರ ಹುಟ್ಟುವುದು ಬಹಳ ಸಲ ನಮ್ಮ ಅಡಿಗೆಮನೆಯಲ್ಲೇ. "ಎಲ್ಲಿದ್ದೀರಿ? ಇನ್ನೂ ಎಷ್ಟೊತ್ತು? ತಟ್ಟೆ ಹಾಕಿದ್ದೀನಿ" ಅಂತ ಫೋನು ಮಾಡುವವರು ಯಾರು ಹೇಳಿ? ಅವರು ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತೇವೆ, ಎತ್ತಿದರೆ ಗಾಡಿ ಮೇಲೆಯೇ ಕುತ್ತಿಗೆ ಸೊಟ್ಟ ಮಾಡಿ ಹೆಗಲಿಗೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಮಾತಾಡುತ್ತಾರೆ. ಕೆಲವರು ಹೆಲ್ಮೆಟ್ಟಿನೊಳಗೇ ತುರುಕಿಕೊಳ್ಳುತ್ತಾರೆ, ಹೆಲ್ಮೆಟ್ಟಿಗೆ ಅದೊಂದೇ ಉಪಯೋಗವೆನ್ನುವಂತೆ! ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಓಡುತ್ತದೆ. ಯಾರ ಫೋನು ಎಂದು ಮೂರು ಸೆಕೆಂಡು ಕೆಳಗೆ ನೋಡಿದರೆ ನೂರು ಅಡಿಗೂ ಹೆಚ್ಚು ದೂರ ಕಣ್ಣುಕಟ್ಟಿ ಓಡಿಸಿದಂತೆ. ಆ ನೂರು ಅಡಿಯೊಳಗೆ ಒಂದು ಎಮ್ಮೆ ಬರಬಹುದು, ಒಂದು ಕೂಸು ಬರಬಹುದು. ನಮ್ಮವರು ಮಂಡಿಪೇಟೆಯ ಅಂಗಡಿಯಿಂದ ಹೊರಡುವ ಹೊತ್ತು ನನಗೆ ಗೊತ್ತು. ಆ ಅರ್ಧ ಗಂಟೆ ನಾನೀಗ ಫೋನು ಮುಟ್ಟುವುದಿಲ್ಲ. ಸಾರು ಆರಿದರೆ ಮತ್ತೆ ಬಿಸಿ ಮಾಡಿದರಾಯಿತು.

ನಾನು ಮದುವೆಯಾಗಿ ಬಂದಾಗ ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು ನೋಡಿ ಬೆರಗಾಗಿದ್ದೆ. ಗೇಟು ಬಿತ್ತೆಂದರೆ ಈಚೆಯವರು ಎಡಬಲ ಎರಡೂ ಕಡೆ ರಸ್ತೆ ತುಂಬ ನಿಲ್ಲುವರು, ಆಚೆಯವರೂ ಹಾಗೆಯೇ. ಗೇಟು ಎದ್ದಾಗ ಎದುರುಬದುರು ಎರಡು ಸೈನ್ಯ! ರೈಲು ಹೋಗಲು ಎರಡು ನಿಮಿಷ, ಆ ಗಂಟು ಬಿಡಿಸಲು ಇಪ್ಪತ್ತು. ಕೆಲವರಿಗೆ ಅದಕ್ಕೂ ತಾಳ್ಮೆಯಿಲ್ಲ, ಗೇಟಿನ ಕೆಳಗೆ ಗಾಡಿ ಓರೆ ಮಾಡಿ ನುಗ್ಗಿಸುವರು. ಆ ಬುದ್ಧಿ ಈಗ ಎಲ್ಲ ಸರ್ಕಲ್ಲುಗಳಲ್ಲೂ ಕಾಣುತ್ತದೆ. ಒಂದು ಲೀಟರ್ ಪೆಟ್ರೋಲಿನ ಹತ್ತನೇ ಒಂದು ಭಾಗ ಉಳಿಸಲು ಹೆದ್ದಾರಿಯಲ್ಲೇ ಎದುರು ದಿಕ್ಕಿನಿಂದ ಬರುವವರು, ಇಂಡಿಕೇಟರು ಹಾಕದೆ ತಟ್ಟನೆ ತಿರುಗುವವರು, ರಾತ್ರಿ ಎದುರಿನವರ ಕಣ್ಣಿಗೆ ಪೂರ್ತಿ ಬೆಳಕು ಬಿಡುವವರು. ಇವರಿಗೆಲ್ಲ ಹೇಳಲು ನನ್ನಿಂದಾಗದು. ನಮ್ಮ ಮನೆಯವರ ಬೆನ್ನು ತಟ್ಟಿ "ಬೇಡ ರೀ, ಸುತ್ತಿಕೊಂಡೇ ಹೋಗೋಣ" ಅನ್ನಲು ಆಗುತ್ತದೆ.

ಸುಗ್ಗಿಯಲ್ಲಿ ನಮ್ಮ ಜಿಲ್ಲೆಯ ರಸ್ತೆಗಳ ಸಂಗತಿಯೇ ಬೇರೆ. ಅರ್ಧ ರಸ್ತೆ ಮೆಕ್ಕೆಜೋಳ ಹರವಿ ಒಣಗಿಸುತ್ತಾರೆ. ಸಂಜೆ ರಾಶಿ ಮಾಡಿ ಕಪ್ಪು ಟಾರ್ಪಾಲು ಹೊದಿಸಿ, ಹಾರದಿರಲೆಂದು ಸುತ್ತ ಕಲ್ಲಿಡುತ್ತಾರೆ. ಕತ್ತಲಲ್ಲಿ ರಾಶಿಯೂ ಕಾಣದು, ಕಲ್ಲೂ ಕಾಣದು. ಕಣ ಇಲ್ಲದ ರೈತರಿಗೆ ಬೇರೆ ದಾರಿಯಿಲ್ಲವೆಂಬುದು ನನಗೂ ಗೊತ್ತು, ನಮ್ಮ ಅಣ್ಣನೂ ಹಾಗೆ ಒಣಗಿಸಿದವನೇ. ಕಲ್ಲಿನ ಬದಲು ಮರಳು ತುಂಬಿದ ಚೀಲ, ರಾಶಿಯ ಎರಡು ತುದಿಗೂ ಬಿಳಿ ಗೊಬ್ಬರದ ಚೀಲ ಕಟ್ಟಿದ ಕೋಲು, ಇಷ್ಟಾದರೂ ಮಾಡಲು ಹಳ್ಳಿಯ ಸೋದರಿಯರು ಹೇಳಬೇಕು. ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದೆ ಕೆಂಪು ದೀಪವಿಲ್ಲದಿದ್ದರೆ ಹೊಳೆಯುವ ಕೆಂಪು ಸ್ಟಿಕ್ಕರಾದರೂ ಅಂಟಿಸಿಸಬೇಕು.

ಕಾರಿನಲ್ಲಿ, ಬಾಡಿಗೆ ವ್ಯಾನಿನಲ್ಲಿ ಹೋಗುವವರು ನೆಮ್ಮದಿಯಾಗಿದ್ದಾರೆಂದು ತಿಳಿಯಬೇಡಿ. ನಟ ಶಂಕರನಾಗ್ ತೀರಿಕೊಂಡದ್ದು ನಮ್ಮ ದಾವಣಗೆರೆಯ ಪಕ್ಕದ ಆನಗೋಡಿನ ಹತ್ತಿರ, 30-9-1990ರಂದು, ಇದೇ ಹೆದ್ದಾರಿಯಲ್ಲಿ. ನಾನಾಗ ಹತ್ತು ವರ್ಷದವಳು. ಹರಿಹರದ ನಮ್ಮ ಓಣಿಯಲ್ಲಿ ಆ ದಿನ ಯಾರ ಮನೆಯಲ್ಲೂ ರೇಡಿಯೋ ಹಾಡು ಕೇಳಲಿಲ್ಲ. ಅದಕ್ಕಿಂತ ಹತ್ತಿರದ ನೋವು 15-1-2021ರದ್ದು. ಸಂಕ್ರಾಂತಿಯ ಮರುದಿನ ಒಂದೇ ಶಾಲೆಯಲ್ಲಿ ಓದಿದ ನಮ್ಮೂರಿನ ಗೆಳತಿಯರು ಟೆಂಪೋ ಟ್ರಾವೆಲರಿನಲ್ಲಿ ಗೋವಾಕ್ಕೆ ಹೊರಟಿದ್ದರು. ಧಾರವಾಡದ ಬಳಿ ಇಟ್ಟಿಗಟ್ಟಿಯ ಹತ್ತಿರ ಬೈಪಾಸಿನಲ್ಲಿ ಟಿಪ್ಪರಿಗೂ ಅದಕ್ಕೂ ಮುಖಾಮುಖಿಯಾಯಿತು. ಹತ್ತಕ್ಕೂ ಹೆಚ್ಚು ಜೀವ ಹೋದವು, ಹೆಚ್ಚಿನವರು ನನ್ನ ವಯಸ್ಸಿನ ಹೆಂಗಸರೇ. ಹೆದ್ದಾರಿ ಉಳಿದ ಕಡೆ ನಾಲ್ಕು ಪಥವಾಗಿದ್ದರೂ ಆ ತುಂಡು ಆಗ ನಡುವೆ ತಡೆಯಿಲ್ಲದ ಎರಡೇ ಪಥದ ರಸ್ತೆ. ಆ ವಾರ ದಾವಣಗೆರೆಯಲ್ಲಿ ಎಳ್ಳುಬೆಲ್ಲ ಹಂಚಲು ಹೋದವರು ಬಾಗಿಲಲ್ಲೇ ನಿಂತು ಅತ್ತು ಬಂದರು.

ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವಾಗ "ರಾತ್ರಿ ಹೊರಟರೆ ಲಾಡ್ಜಿನ ಖರ್ಚು ಉಳಿಯುತ್ತೆ" ಎಂದು ಲೆಕ್ಕ ಹಾಕುವವರೂ ನಾವೇ. ಹಗಲೆಲ್ಲ ಬಾಡಿಗೆ ಓಡಿಸಿದ ಡ್ರೈವರು ರಾತ್ರಿ ನಮ್ಮನ್ನು ಹೊತ್ತು ಹೊರಡುತ್ತಾನೆ. ಎರಡರಿಂದ ಐದು ಗಂಟೆಯ ನಡುವೆ ಎಂಥವರಿಗೂ ರೆಪ್ಪೆ ಎಳೆಯುತ್ತದೆ. ನಾನು ಈಗ ಹತ್ತುವ ಮೊದಲೇ ಕೇಳುತ್ತೇನೆ: "ನಿನ್ನೆ ಎಷ್ಟು ಗಂಟೆ ಮಲಗಿದ್ದಪ್ಪಾ? ಊಟ ಆಯ್ತಾ?" ಹೆತ್ತ ತಾಯಿಯಂತೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಮಲಗಪ್ಪಾ, ನಾವು ಕಾಯುತ್ತೇವೆ ಎಂದು ಮೊದಲೇ ಹೇಳಿಡುತ್ತೇನೆ. ಹಿಂದಿನ ಸೀಟಿನಲ್ಲೂ ಬೆಲ್ಟು ಹಾಕಿಕೊಳ್ಳುತ್ತೇನೆ. ಸೀರೆ ಸುಕ್ಕಾಗುತ್ತದೆ, ಆಗಲಿ.

ಒಂದು ವೇಳೆ ಯಾರಾದರೂ ಬಿದ್ದದ್ದು ಕಂಡರೆ ಪೊಲೀಸು-ಕೋರ್ಟು ಅಲೆಯಬೇಕಾದೀತೆಂದು ಹೆದರಿ ಸರಿಯಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಹೊಣೆ ಮಾಡುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. 108ಕ್ಕೆ ಫೋನು ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಹೋದ ತಿಂಗಳು ಅವ್ವನಿಗೆ ಹುಷಾರಿಲ್ಲವೆಂದು ಹರಿಹರಕ್ಕೆ ಹೋಗಿ ಬರುತ್ತಿದ್ದೆವು. ಬಾತಿ ಹತ್ತಿರ ಬಂದಾಗ ಮನೆಯವರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವರ ಕೈ ಹ್ಯಾಂಡಲ್ಲು ಬಿಟ್ಟು ಜೇಬಿಗೆ ಹೋದದ್ದು ಕಂಡು "ರೀ, ನಿಲ್ಲಿಸಿ" ಅಂದೆ. "ಅವ್ವನ ಮನೆಯಿಂದಲೇ ಇದ್ದರೆ?" ಅಂದರು. "ಇದ್ದರೂ ನಿಲ್ಲಿಸಿಯೇ ಮಾತಾಡಿ" ಅಂದೆ. ಗೊಣಗುತ್ತಲೇ ರಸ್ತೆ ಬಿಟ್ಟು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಫೋನು ತೆಗೆದರು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಮಗಳು ಮಾಡಿದ್ದಳು, "ಅಪ್ಪಾ, ಬರ್ತಾ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕೊಂಡು ಬರ್ರಿ" ಅಂತ.